ಮಾತಾಡುತ್ತಲೇ ಓಡುತ್ತಿದ್ದ ಗಂಗಣ್ಣ

ಮೊನ್ನೆ ಬೆಳಿಗ್ಗೆ ಸೆರಗು ಸರಿಮಾಡಿಕೊಳ್ಳುವ ಅವಸರದಲ್ಲಿ ಪಿನ್ನು ಬೆರಳಿಗೆ ಚುಚ್ಚಿತು. ಸೀರೆ ಉಡುವ ಹೆಂಗಸರಿಗೆ ಇದೇನು ದೊಡ್ಡ ಗಾಯವಲ್ಲ. ಬೆರಳನ್ನು ಒಂದು ಗಳಿಗೆ ಬಾಯಿಗಿಟ್ಟುಕೊಂಡು ತುರುವೇಕೆರೆ ಬಸ್ಸು ಹತ್ತಿದೆ. ಕಿಟಕಿ ಪಕ್ಕ ಕೂತ ಮೇಲೆ, ಮಾಂಗಲ್ಯದ ಸರಕ್ಕೆ ಸಿಕ್ಕಿಸಿಕೊಂಡಿದ್ದ ಪಿನ್ನುಗಳ ಗೊಂಚಲಿನ ಮೇಲೆ ಕೈ ಹೋಯಿತು. ಸೀರೆಗೆ ಬೇಕಾದದ್ದು ಒಂದೋ ಎರಡೋ. ಇಷ್ಟೊಂದು ಯಾಕೆ ಹೊತ್ತುಕೊಂಡು ತಿರುಗುತ್ತಿದ್ದೇನೆ ಎಂದು ನನ್ನನ್ನೇ ಕೇಳಿಕೊಂಡೆ. ಉತ್ತರವಾಗಿ ಗಂಗಣ್ಣ ನೆನಪಾದರು. ಗಂಗಣ್ಣ ನೆನಪಾದರೆ ಅಷ್ಟು ಬೇಗ ಎದ್ದುಹೋಗುವವರಲ್ಲ. ಬಸ್ಸು ನನ್ನ ಕಾಲೇಜಿನ ಸ್ಟಾಪನ್ನು ದಾಟಿ ಸ್ಟ್ಯಾಂಡಿಗೆ ಬಂದು ನಿಂತು, ಕಂಡಕ್ಟರು ಎಲ್ಲರೂ ಇಳೀರಿ ಎಂದಾಗಲೇ ನನಗೆ ಈ ಲೋಕದ ಎಚ್ಚರವಾದದ್ದು.

ಪಿನ್ನಿನ ವಿಷಯ ತೆಗೆದ ಮೇಲೆ ನಮ್ಮಮ್ಮನನ್ನು ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ನಾನು ಬೆಳೆದದ್ದು ಅಮ್ಮಸಂದ್ರದಲ್ಲಿ. ಅಲ್ಲಿ ನಮ್ಮ ಬೀದಿಯ ಹೆಂಗಸರೆಲ್ಲರ ಕೈಯಲ್ಲೂ ಬಳೆ ಇದ್ದರೆ, ನಮ್ಮಮ್ಮನ ಕೈಯಲ್ಲಿ ಬಳೆ ಮತ್ತು ಬಳೆಯ ತುಂಬ ಪಿನ್ನು ಇರುತ್ತಿದ್ದವು. ಚಪ್ಪಲಿಯ ಉಂಗುಷ್ಟ ಕಿತ್ತುಹೋದರೆ ಪಿನ್ನು, ಲಂಗದ ಲಾಡಿ ಒಳಗೆ ಸೇರಿಕೊಂಡರೆ ಪಿನ್ನು, ಅಂಗಾಲಿಗೆ ಜಾಲಿಮುಳ್ಳು ಹೊಕ್ಕರೆ ಪಿನ್ನು. ಅವಳನ್ನು ಓಡಿಹೋಗಿ ತಬ್ಬಿಕೊಂಡರೆ ಎಲ್ಲಾದರೊಂದು ಕಡೆ ಚುಚ್ಚುವುದು ಖಾತ್ರಿ. ಹಾಗಾಗಿ ನಾವು ಮಕ್ಕಳು ಅಮ್ಮನನ್ನು ಮುದ್ದುಮಾಡಬೇಕಾದರೆ ನೋಡಿಕೊಂಡು, ಜಾಗ ಹುಡುಕಿಕೊಂಡು ಮಾಡುತ್ತಿದ್ದೆವು. ಬೇರೆ ಮನೆಯ ಮಕ್ಕಳಿಗೆ ಈ ಕಷ್ಟವಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಒಂದು ಮದುವೆಯಲ್ಲಿ ಧಾರೆಗೆ ಹೊರಟ ಗಂಡಿನ ಪಂಚೆ ಸಡಿಲಾಗಿ, ಅವನು ಎರಡು ಕೈಯಲ್ಲೂ ಅದನ್ನು ಹಿಡಿದುಕೊಂಡು ಕಂಬದಂತೆ ನಿಂತುಬಿಟ್ಟಾಗ, ಹೆಣ್ಣಿನ ಕಡೆಯವರು ಗಂಡಿಗೆ ಈ ಮದುವೆ ಇಷ್ಟವಿಲ್ಲವೇನೋ ಎಂದು ಗಾಬರಿಯಾಗಿದ್ದರಂತೆ. ಅಮ್ಮ ಹೋಗಿ ಎರಡು ಪಿನ್ನು ಹಾಕಿ ಬಂದಳು. ಆ ದಂಪತಿಗಳು ಈಗ ಮೊಮ್ಮಕ್ಕಳನ್ನು ಕಂಡಿದ್ದಾರೆ.

ಅಮ್ಮನ ಕೈಯ ಈ ಗುಣ ನನ್ನ ಕೊರಳಿಗೆ ಬಂತು. ಆದರೆ ನನ್ನ ಪಿನ್ನುಗಳಿಗೆ ಗಂಗಣ್ಣನಂಥ ಗಿರಾಕಿ ಸಿಗುತ್ತಾರೆ ಎಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಯಾಕೆಂದರೆ ಗಂಗಣ್ಣ ನನಗೆ ಸಿಕ್ಕಿದ್ದು ಓಟದಲ್ಲಿ. ನಾನು ಓಡುತ್ತೇನೆ ಎಂಬುದೇ ನನಗೆ ಕನಸಿನಲ್ಲೂ ಬರುವಂಥ ಸಂಗತಿಯಲ್ಲ.

ಮನೆ ತಿಪಟೂರಿನಲ್ಲಿ, ಕೆಲಸ ತುರುವೇಕೆರೆಯ ಕಾಲೇಜಿನಲ್ಲಿ, ನಾನು ಲೈಬ್ರರಿಯನ್. ದಿನವಿಡೀ ಕೂತಿರುವುದು ನನ್ನ ಕೆಲಸ, ಉಳಿದವರನ್ನು ಸುಮ್ಮನಿರಿಸುವುದು ಅದರ ಇನ್ನೊಂದು ಭಾಗ. ಕೂತೂ ಕೂತೂ ಒಂದು ದಿನ ಡಾಕ್ಟರು, ನಿಮಗಿನ್ನೂ ಸಕ್ಕರೆ ಕಾಯಿಲೆ ಬಂದಿಲ್ಲ, ಬಾಗಿಲಿಗೆ ಬಂದು ಚಪ್ಪಲಿ ಬಿಡುತ್ತಿದೆ ಎಂದರು. ನಮ್ಮ ಯಜಮಾನರು ಹೈಸ್ಕೂಲು ಮೇಷ್ಟ್ರು. ಅವರಿಗೆ ಯಾವ ಸಮಸ್ಯೆ ಬಂದರೂ ಮೊದಲು ಒಂದು ಸಾಮಾನು ಕೊಳ್ಳಬೇಕು. ಸಂಜೆಗೇ ಕಿತ್ತಳೆ ಬಣ್ಣದ ಶೂ ತಂದು ಮುಂದಿಟ್ಟರು. ಆ ಬಣ್ಣದ ಶೂ ಹಾಕಿಕೊಂಡು ಮೆಲ್ಲಗೆ ನಡೆದರೆ ತಿಪಟೂರಿನ ಜನ ನಗುತ್ತಾರೆ ಎಂಬ ಒಂದೇ ಕಾರಣಕ್ಕೆ ನಾನು ಓಡಲು ಶುರುಮಾಡಿದ್ದು. ಓಟ ಎಂದು ನಾನು ಹೇಳುತ್ತಿದ್ದೇನೆ. ಸ್ಟೇಡಿಯಮ್ಮಿಗೆ ನಡೆದಾಡಲು ಬರುತ್ತಿದ್ದ ಪೆನ್ಷನ್ದಾರರು ನನ್ನನ್ನು ದಾಟಿ ಹೋಗುವಾಗ, ಪಾಪ, ನನ್ನ ಮನಸ್ಸಿಗೆ ನೋವಾಗಬಾರದೆಂದು ಆಕಾಶ ನೋಡುತ್ತಿದ್ದರು.

ಅಲ್ಲೇ ಗಂಗಣ್ಣ ಸಿಕ್ಕಿದ್ದು. ಬಿಳಿಗೆರೆಯವರು, ತೆಂಗಿನ ತೋಟದವರು, ಐವತ್ತು ದಾಟಿದವರು. ಬೆಳಿಗ್ಗೆ ಬೆಳಕು ಬಿಡುವ ಮೊದಲೇ ಮೋಟಾರ್ ಬೈಕಿನಲ್ಲಿ ತಿಪಟೂರಿಗೆ ಬಂದು ಸ್ಟೇಡಿಯಮ್ಮಿನಲ್ಲಿ ಓಡುತ್ತಿದ್ದರು. ತೋಟದ ದಾರಿಯಲ್ಲೇ ಓಡಬಹುದಿತ್ತಲ್ಲ ಎಂದು ಕೇಳಿದರೆ, ಅಲ್ಲಿ ಓಡಿದರೆ ಮಾತಾಡಲು ಯಾರೂ ಸಿಗುವುದಿಲ್ಲ, ಮರಗಳು ಉತ್ತರ ಕೊಡುವುದಿಲ್ಲ ಎನ್ನುತ್ತಿದ್ದರು. ಜನ ಓಡುತ್ತಾ ಉಸಿರು ಬಿಡುತ್ತಾರೆ. ಗಂಗಣ್ಣ ಓಡುತ್ತಾ ಮಾತು ಬಿಡುತ್ತಿದ್ದರು. ಎಳನೀರಿನ ಆಸೆಗೆ ಜನ ಕಾಯಿ ಬಲಿಯಲು ಬಿಡುತ್ತಿಲ್ಲ ಎಂಬಲ್ಲಿಂದ ಶುರುವಾದರೆ, ತೆಂಗಿಗೆ ಬರುವ ನುಸಿರೋಗ, ಅವರ ಹಸುವಿನ ಹಟ, ಅವರ ಹೆಂಡತಿ ರತ್ನಮ್ಮನವರ ಉಪ್ಪುಸಾರು, ಅಲ್ಲಿಂದ ದಿಲ್ಲಿ, ದಿಲ್ಲಿಯಿಂದ ಮತ್ತೆ ನುಸಿರೋಗ. ನಮ್ಮೆಲ್ಲರಿಗಿಂತ ಜೋರಾಗಿ ಓಡುವವರು ಅವರೇ. ಆದರೆ ಕೇಳುವವರಿಲ್ಲದೆ ಮುಂದೆ ಹೋಗಿ ಏನು ಮಾಡುವುದು. ಹಾಗಾಗಿ ಮುಂದೆ ಹೋದಷ್ಟೇ ಹಿಂದೆ ಬಂದು ನನ್ನನ್ನು ಸೇರಿಕೊಳ್ಳುತ್ತಿದ್ದರು. ಜೀವಮಾನವಿಡೀ ಮಂದಿಗೆ ಸುಮ್ಮನಿರಿ ಎಂದು ಹೇಳಿ ಸಂಬಳ ತೆಗೆದುಕೊಂಡ ನಾನು, ಬೆಳಿಗ್ಗೆ ಬೆಳಿಗ್ಗೆ ಆ ಮಾತಿನ ಜೊತೆ ಓಡುತ್ತಿದ್ದೆ. ಅವರನ್ನು ಸುಮ್ಮನಿರಿ ಎನ್ನಬೇಕೆಂದರೂ ಅದಕ್ಕೆ ಬೇಕಾದ ಉಸಿರು ನನ್ನಲ್ಲಿ ಇರುತ್ತಿರಲಿಲ್ಲ.

ನಮ್ಮ ಜೊತೆ ಇನ್ನಿಬ್ಬರು. ಒಬ್ಬರು ನಜೀರ್, ಬಿ.ಎಚ್. ರಸ್ತೆಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಮೆಕ್ಯಾನಿಕ್ಕು. ಇನ್ನೊಬ್ಬರು ಸುಧೀಂದ್ರ, ಹಲ್ಲಿನ ಡಾಕ್ಟರು. ಎಲ್ಲರೂ ಬಾಯಿ ತೆರೆದುಕೊಂಡು ತಮ್ಮ ಮುಂದೆ ಕೂರುವುದರಿಂದಲೋ ಏನೋ, ಡಾಕ್ಟರಿಗೆ ಮಾತು ಕಡಿಮೆ. ನಜೀರ್ ನನ್ನ ಉಸಿರಾಟ ಕೇಳಿ ಮೊದಲ ದಿನವೇ, ಮೇಡಂ ಸೈಲೆನ್ಸರ್ ಹೋಗಿದೆ, ಇಂಜಿನ್ ಪರವಾಗಿಲ್ಲ ಎಂದು ಸರ್ಟಿಫಿಕೇಟ್ ಕೊಟ್ಟಿದ್ದರು. ಗಂಗಣ್ಣ ನಮ್ಮ ನಾಲ್ಕು ಜನರಿಗೆ ಮೊಬೈಲಿನಲ್ಲಿ ಒಂದು ಗುಂಪು ಮಾಡಿ ಅದಕ್ಕೆ ಕೊಬ್ಬರಿ ಓಟಗಾರರು ಎಂದು ಹೆಸರಿಟ್ಟರು. ದಿನಾ ಅದರಲ್ಲಿ ಸೂರ್ಯೋದಯದ ಫೋಟೋ ಹಾಕುತ್ತಿದ್ದರು. ಫೋಟೋದಲ್ಲಿ ಅರ್ಧ ಸೂರ್ಯ, ಅರ್ಧ ಅವರ ಹೆಬ್ಬೆರಳು.

ಹಾಸನ, ತುಮಕೂರು ಎಂದು ಆಗಾಗ ಓಟಗಳು ನಡೆಯುತ್ತವಲ್ಲ, ಅಲ್ಲಿಗೆ ನಾಲ್ವರೂ ನಜೀರ್ ಅವರ ಓಮ್ನಿಯಲ್ಲಿ ಹೋಗುತ್ತಿದ್ದೆವು. ಎದೆಯ ಮೇಲೆ ಹಚ್ಚಿಕೊಳ್ಳಲು ನಂಬರಿನ ಚೀಟಿ, ಅದಕ್ಕೆ ನಾಲ್ಕು ಪಿನ್ನು ಕೊಡುತ್ತಾರೆ. ಗಂಗಣ್ಣ ಒಂದು ಸಲವೂ ಆ ಪಿನ್ನುಗಳನ್ನು ಎದೆಯವರೆಗೆ ತಲುಪಿಸಿದವರಲ್ಲ. ಮಾತಿನ ಭರದಲ್ಲಿ ಎಲ್ಲೋ ಉದುರಿಸಿ, ಓಟ ಶುರುವಾಗುವ ಹೊತ್ತಿಗೆ ಬಂದು ನನ್ನ ಕೊರಳ ಕಡೆ ನೋಡುತ್ತಾ ನಿಲ್ಲುತ್ತಿದ್ದರು. ನಾನು ಗೊಣಗುತ್ತಾ ಬಿಚ್ಚಿ ಕೊಡುತ್ತಿದ್ದೆ. ಒಂದು ಸಲ ಓಟದ ನಡುವೆ ರಸ್ತೆ ಪಕ್ಕ ಎಳನೀರಿನ ಗಾಡಿ ಕಂಡಿತು. ಗಂಗಣ್ಣ ನಿಂತರು. ಕುಡಿಯಲು ಅಲ್ಲ. ಇಷ್ಟು ಎಳೆಯದನ್ನು ಯಾಕೆ ಇಳಿಸಿದಿರಿ, ಯಾವ ತೋಟದ್ದು, ಮರಕ್ಕೆ ಬೇವಿನ ಹಿಂಡಿ ಹಾಕಿದ್ದಾರೋ ಇಲ್ಲವೋ ಎಂದು ವಿಚಾರಣೆ ಶುರುವಾಯಿತು. ಆ ದಿನ ನಾನು ಗಂಗಣ್ಣನಿಗಿಂತ ಮೊದಲು ಗುರಿ ಮುಟ್ಟಿದೆ. ಮನೆಗೆ ಬಂದು ಈ ಸುದ್ದಿ ಹೇಳಿದಾಗ ಯಜಮಾನರು, ಎಳನೀರಿನವನಿಗೆ ಒಂದು ಥ್ಯಾಂಕ್ಸ್ ಹೇಳಿದೆಯಾ ಎಂದು ಕೇಳಿದರು.

ಹೀಗೇ ನಡೆಯುತ್ತಿತ್ತು. ಒಂದು ಮಂಗಳವಾರ ಲೈಬ್ರರಿಯಲ್ಲಿ ಹೊಸ ಪುಸ್ತಕಗಳಿಗೆ ಮುದ್ರೆ ಒತ್ತುತ್ತಾ ಕೂತಿದ್ದಾಗ ನಜೀರ್ ಫೋನು ಮಾಡಿದರು. ಗಂಗಣ್ಣ ಹೋಗಿಬಿಟ್ರು ಮೇಡಂ ಎಂದರು. ಎಲ್ಲಿಗೆ ಎಂದು ಕೇಳಿದೆ. ನಿಜವಾಗಿ ಹಾಗೇ ಕೇಳಿದೆ. ಆ ಮನುಷ್ಯ ಸದಾ ಎಲ್ಲಿಗಾದರೂ ಹೋಗುತ್ತಲೇ ಇದ್ದವರು. ನಾಳೆ ತೋಟದಲ್ಲಿ ಮಣ್ಣು ಮಾಡ್ತಾರಂತೆ, ಓಮ್ನಿ ತರ್ತೀನಿ ಎಂದರು ನಜೀರ್. ಆಗ ನನಗೆ ಅರ್ಥವಾಯಿತು.

ಅವತ್ತು ಬೆಳಿಗ್ಗೆ ಅವರು ಓಡಲು ಬಂದಿರಲಿಲ್ಲ. ಕಾಯಿ ಇಳಿಸುವವರು ಬರುತ್ತಾರೆ ಎಂದು ಮನೆಯಲ್ಲೇ ಉಳಿದಿದ್ದರು. ಆದರೂ ಗುಂಪಿಗೆ ಸೂರ್ಯನನ್ನೂ ಹೆಬ್ಬೆರಳನ್ನೂ ಕಳಿಸಿದ್ದರು. ಮಧ್ಯಾಹ್ನ ಮುದ್ದೆ ಉಂಡು, ತೋಟದ ಕಡೆಯ ಜಗಲಿಯ ಮೇಲೆ ಸ್ವಲ್ಪ ಅಡ್ಡಾಗುತ್ತೇನೆ, ಮಜ್ಜಿಗೆ ತಾ ಎಂದರಂತೆ. ರತ್ನಮ್ಮ ಮಜ್ಜಿಗೆ ತರುವಷ್ಟರಲ್ಲಿ ಮುಗಿದಿತ್ತು. ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೃದಯ ನಿಂತಿದೆ ಎಂದು ಅಲ್ಲಿ ಹೇಳಿದರು.

ಮಾರನೆಯ ದಿನ ಬಿಳಿಗೆರೆಗೆ ಹೋದೆವು. ಗಂಗಣ್ಣನನ್ನು ಜಗಲಿಯ ಮೇಲೆ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿದ್ದರು. ಅಷ್ಟು ಜನ ಸೇರಿದ್ದರೂ ಅವರು ಒಬ್ಬರನ್ನೂ ಮಾತಾಡಿಸುತ್ತಿರಲಿಲ್ಲ. ನನಗೆ ಅಳು ಬಂದದ್ದು ಅದನ್ನು ಕಂಡೇ. ನಾವು ತಂದ ಹಾರ ಹಿಡಿದುಕೊಂಡು ಮುಂದೆ ಹೋದಾಗ ರತ್ನಮ್ಮನವರ ಅಣ್ಣ, ಹಂದನಕೆರೆಯ ಚನ್ನಬಸಪ್ಪ ಎಂಬವರು ಅಡ್ಡ ಬಂದರು. ಎತ್ತರದ ಆಳು, ಕಣ್ಣು ಕೆಂಪಾಗಿತ್ತು.

"ಐವತ್ತು ದಾಟಿದೋನ್ನ ಹುಡುಗನ್ ತರ ಓಡ್ಸಿ ಓಡ್ಸಿ, ಇವತ್ತು ಹೂವ ತಂದಿದೀರಾ?" ಎಂದು ಕೇಳಿದರು.

ಜೋರಾಗಿ ಏನೂ ಹೇಳಲಿಲ್ಲ. ಜೋರಾಗಿ ಹೇಳಿದ್ದರೆ ವಾಸಿಯಿತ್ತು. ನಜೀರ್ ತಲೆ ತಗ್ಗಿಸಿ ಹಾರವನ್ನು ಅವರ ಕೈಗೇ ಕೊಟ್ಟರು. ತೋಟದಲ್ಲಿ ಮಣ್ಣಾಗುವವರೆಗೂ ನಾವು ಹಿಂದೆ, ಮೋಟಾರ್ ಮನೆಯ ಹತ್ತಿರ ನಿಂತಿದ್ದು ವಾಪಸು ಬಂದೆವು. ಗಂಗಣ್ಣ ಇಲ್ಲದೆ ಓಮ್ನಿ ಎಷ್ಟು ಸದ್ದು ಮಾಡುತ್ತದೆ ಎಂಬುದು ಆವತ್ತೇ ಗೊತ್ತಾದದ್ದು.

ಆಮೇಲೆ ನಮ್ಮಲ್ಲಿ ಯಾರೂ ಓಡಲಿಲ್ಲ. ಯಾರೂ ಓಡಬಾರದು ಎಂದು ಯಾರೂ ಹೇಳಲಿಲ್ಲ, ಸುಮ್ಮನೆ ನಿಂತುಹೋಯಿತು. ನಮ್ಮ ಮನೆಯಲ್ಲಂತೂ ಕಿತ್ತಳೆ ಶೂ ಕಾಣೆಯಾದವು. ಅಟ್ಟದ ಮೇಲೆ ಹಳೆ ಪಾತ್ರೆಗಳ ಹಿಂದೆ ಅವು ಇರುವುದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂಬುದು ಯಜಮಾನರಿಗೂ ಗೊತ್ತಿತ್ತು. ನಜೀರ್ ಅವರ ತಾಯಿ, ಮಗ ಗ್ಯಾರೇಜಿನಲ್ಲಿ ಸ್ಕೂಟರ್ ತಳ್ಳಿದರೂ ಬೇಡ ಕಣೋ ಎನ್ನುತ್ತಿದ್ದರಂತೆ. ಎಲ್ಲರಿಗಿಂತ ಕಷ್ಟ ಡಾಕ್ಟರದು. ಹಲ್ಲು ಕೀಳಿಸಿಕೊಳ್ಳಲು ಬಂದವರೆಲ್ಲ, ನಿಮ್ಮ ಜೊತೆ ಓಡುತ್ತಿದ್ದವರಂತಲ್ಲ ಎಂದು ಶುರುಮಾಡಿ, ಹೃದಯದ ಬಗ್ಗೆ ಎಲ್ಲವನ್ನೂ ಕೇಳುತ್ತಿದ್ದರು. ಅವರು, ಸ್ವಾಮಿ ನಾನು ಹಲ್ಲಿನ ಡಾಕ್ಟರು ಎಂದರೆ, ಎದೆ ಏನು ದೂರ ಇದೆಯಾ ಎಂದು ಒಬ್ಬ ಯಜಮಾನ ಕೇಳಿದನಂತೆ.

ನನ್ನ ಕಥೆ ಇನ್ನೂ ಚೆಂದ. ಲೈಬ್ರರಿಯ ನಿಶ್ಶಬ್ದದಲ್ಲಿ ಕೂತು ನನ್ನ ಎದೆಬಡಿತವನ್ನು ನಾನೇ ಕೇಳತೊಡಗಿದೆ. ಕೇಳುತ್ತಾ ಹೋದರೆ ಅದು ಒಂದೊಂದು ಸಲ ಎರಡು ಬಡಿತ ಬಿಟ್ಟಂತೆ, ಒಂದೊಂದು ಸಲ ಓಡಿಬಂದು ಸೇರಿಕೊಂಡಂತೆ ಅನ್ನಿಸುತ್ತಿತ್ತು. ಒಂದು ದಿನ ಅದು ಡಬಡಬ ಎಂದು ಬಹಳ ಜೋರಾಗಿ ಹೊಡೆದುಕೊಂಡಿತು. ಎದ್ದು ನೀರು ಕುಡಿದೆ, ದೇವರನ್ನು ನೆನೆದೆ. ಆಮೇಲೆ ಗೊತ್ತಾಯಿತು, ಪಕ್ಕದ ಕೋಣೆಯಲ್ಲಿ ಕಾಲೇಜು ಡೇಗೆ ತಮಟೆ ಅಭ್ಯಾಸ ನಡೆಯುತ್ತಿತ್ತು.

ನಗುವ ಮಾತು ನಗುವುದಕ್ಕಾಯಿತು. ಆದರೆ ಚನ್ನಬಸಪ್ಪ ಕೇಳಿದ ಪ್ರಶ್ನೆ ಎದೆಯೊಳಗೆ ಮುಳ್ಳಿನಂತೆ ಸಿಕ್ಕಿಕೊಂಡಿತ್ತು. ನಾವು ಓಡಿಸಿದೆವೇ? ಹಾಸನಕ್ಕೆ ಹೋಗೋಣ ಎಂದವರು ಯಾರು, ಇನ್ನೊಂದು ಸುತ್ತು ಎಂದವರು ಯಾರು ಎಂದು ಮನಸ್ಸು ಹಳೆಯದನ್ನೆಲ್ಲ ಕೆದಕುತ್ತಿತ್ತು. ಡಾಕ್ಟರನ್ನು ಕೇಳಿದೆ. ಹೇಳಲಿಕ್ಕಾಗುವುದಿಲ್ಲ ಎಂದರು. ಆ ಮನುಷ್ಯ ಸುಳ್ಳು ಹೇಳಿ ಸಮಾಧಾನ ಮಾಡುವವರಲ್ಲ, ನೋಯುತ್ತದೆ ಎಂದು ಹೇಳಿಯೇ ಹಲ್ಲು ಕೀಳುವವರು.

ಗಂಗಣ್ಣನ ಶಿವಗಣಾರಾಧನೆಯ, ಅಂದರೆ ತಿಥಿಯೂಟದ, ಕಾರ್ಡು ಬಂತು. ನಮ್ಮ ಮೂವರಿಗೂ ಬೇರೆ ಬೇರೆ ಬಂದಿತ್ತು. ಬಂಧುಗಳಿಗೆಲ್ಲ ಕಳಿಸುವಾಗ ಇವೂ ಸೇರಿಹೋಗಿರಬೇಕು, ಹೋಗಿ ಮತ್ತೆ ಅವರ ಕಣ್ಣಿಗೆ ಬೀಳುವುದು ಬೇಡ ಎಂದು ನಾನು ಹೇಳಿದೆ. ಡಾಕ್ಟರು ಹೂಂ ಎಂದರು. ನಜೀರ್ ಮಾತ್ರ ಒಪ್ಪಲಿಲ್ಲ.

"ಬೈದ್ರೆ ಬೈಸ್ಕಳನ ಮೇಡಂ. ಗಂಗಣ್ಣನ್ ಮನೆ ಅದು. ನಾವ್ ಹೋಗ್ಲಿಲ್ಲ ಅಂದ್ರೆ ಓಡ್ಸಿದ್ದು ನಿಜ ಅಂತ ನಾವೇ ಒಪ್ಕಂಡಂಗೆ" ಎಂದರು.

ಹೋದೆವು. ಡಾಕ್ಟರು ಪಂಚೆ ಉಟ್ಟು, ಶಲ್ಯ ಹೊದ್ದು ಮದುವೆಗೆ ಹೊರಟವರಂತೆ ಇದ್ದರು. ನಾನು ಅಂಚಿಲ್ಲದ ಸೀರೆ ಹುಡುಕಿ ಉಟ್ಟಿದ್ದೆ. ತೋಟದ ನಡುವೆ ಶಾಮಿಯಾನ ಹಾಕಿದ್ದರು. ಪೂಜೆ ಮುಗಿದು ಊಟಕ್ಕೆ ಎಲೆ ಹಾಕುತ್ತಿದ್ದರು. ನಾವು ಕೊನೆಯ ಪಂಕ್ತಿಯಲ್ಲಿ, ಆದಷ್ಟು ಯಾರ ಕಣ್ಣಿಗೂ ಬೀಳದ ಹಾಗೆ, ಕೊಟ್ಟಿಗೆಯ ಕಡೆ ಮುಖ ಮಾಡಿ ಕೂತೆವು. ಪಾಯಸ ಬಡಿಸುತ್ತಾ ಬಂದವರು ಚನ್ನಬಸಪ್ಪ. ನಮ್ಮನ್ನು ನೋಡಿದರು. ಮೂವರಿಗೂ ಒಂದೊಂದು ಸೌಟು ಹಾಕಿ ಮುಂದೆ ಹೋದರು. ಬೇರೆಯವರಿಗೆ ಎರಡೆರಡು ಹಾಕುತ್ತಿದ್ದುದನ್ನು ನಾನು ಗಮನಿಸದೆ ಇರಲಿಲ್ಲ.

ಅಷ್ಟರಲ್ಲಿ ಡಾಕ್ಟರು ನನ್ನ ಮೊಣಕೈ ತಿವಿದು ಕೊಟ್ಟಿಗೆಯ ಕಡೆ ತೋರಿಸಿದರು. ಗಂಗಣ್ಣನ ಹಟಮಾರಿ ಹಸು ಹುಲ್ಲು ಮೆಲ್ಲುತ್ತಾ ನಿಂತಿತ್ತು. ಅದರ ಕೊರಳಲ್ಲಿ ಗಂಟೆಯ ಜೊತೆ ಹಾಸನದ ಓಟದ ಮೆಡಲು. ಪಕ್ಕದ ಎಮ್ಮೆಯ ಕೊರಳಲ್ಲಿ ತುಮಕೂರಿನದು. ಕರುವಿನ ಕೊರಳಲ್ಲಿ, ಪೂರಾ ಓಡಲಾಗದವರಿಗೆಂದು ಇಟ್ಟಿದ್ದ ಸಣ್ಣ ಓಟದ್ದು, ಅದನ್ನು ಗಂಗಣ್ಣ ಜ್ವರ ಬಂದಿದ್ದಾಗ ಓಡಿದ್ದರು. ನಾನು ಪಾಯಸದ ಕಡೆ ಬಗ್ಗಿದೆ. ನಜೀರ್ ಕೆಮ್ಮತೊಡಗಿದರು. ಸಾವಿನ ಮನೆಯಲ್ಲಿ ಬರುವ ನಗುವಿನಷ್ಟು ಕಷ್ಟದ್ದು ಯಾವುದೂ ಇಲ್ಲ. ಅದನ್ನು ಮೂಗಿನಲ್ಲಿ ತಡೆದರೆ ಕಣ್ಣಿನಲ್ಲಿ ಬರುತ್ತದೆ.

ಯಾರೋ ನನ್ನ ಬೆನ್ನ ಹಿಂದೆ ಬಂದು ನಿಂತರು. ತಿರುಗಿ ನೋಡಿದರೆ ರತ್ನಮ್ಮ. ನನಗೆ ಭೂಮಿ ಬಾಯಿಬಿಡಬಾರದೇ ಎನ್ನಿಸಿತು. ಅವರು ಕೊಟ್ಟಿಗೆಯ ಕಡೆ ನೋಡಿ, ನಮ್ಮನೆಯವರೇ ಕಟ್ಟಿದ್ದು, ಓಡಿದವರಿಗೆಲ್ಲ ಕೊಡುತ್ತಾರೆ ಕಣೇ, ಗೆದ್ದವರಿಗೆ ಅಂತ ಏನಿಲ್ಲ, ನಮ್ಮ ಹಸುವೂ ಓಡುತ್ತದಲ್ಲ ಅನ್ನುತ್ತಿದ್ದರು ಎಂದರು. ಊಟ ಮಾಡಿ ಹೋಗಿಬಿಡಬೇಡಿ, ಒಳಗೆ ಬನ್ನಿ ಎಂದೂ ಹೇಳಿದರು.

ಕೈತೊಳೆದು ಹೋದೆವು. ಬಂಧುಗಳು ಹೊರಟು ಮನೆ ಸ್ವಲ್ಪ ಖಾಲಿಯಾಗಿತ್ತು. ರತ್ನಮ್ಮ ಜಗಲಿಯ ಮೇಲೆ ಕೂತಿದ್ದರು, ಅವರ ಅಣ್ಣ ಕಂಬಕ್ಕೆ ಒರಗಿ ನಿಂತಿದ್ದರು. ನಾನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಮಾತೆಲ್ಲ ಮರೆತುಹೋಗಿ, ನಮ್ಮಿಂದ ಹೀಗಾಯಿತೋ ಏನೋ ಎಂದು ಏನೇನೋ ತೊದಲಿದೆ. ರತ್ನಮ್ಮ ಪೂರಾ ಕೇಳಿಸಿಕೊಳ್ಳಲಿಲ್ಲ.

"ನಮ್ಮ ಮಾವನೂ ಹಿಂಗೇ ಹೋಗಿದ್ದು ಮೇಡಂ, ಉಂಡು ಮಲಗಿದ್ದೋರು. ಅವ್ರೆಲ್ಲಿ ಓಡಿದ್ರು, ಗಾಡಿ ಬುಟ್ಟು ಕೆಳಗಿಳೀತಿರ್ಲಿಲ್ಲ. ಅಪ್ಪನ್ ವಯಸ್ಗೆ ನಾನೂ ಹೋಗ್ತೀನಿ ಅಂತ ಇವ್ರಿಗೆ ಒಳಗೇ ಭಯ ಇತ್ತು. ಯಾರ್ ಹತ್ರನೂ ಅಂತಿರ್ಲಿಲ್ಲ" ಎಂದರು.

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ದಿಲ್ಲಿಯಿಂದ ನುಸಿರೋಗದವರೆಗೆ ಎಲ್ಲವನ್ನೂ ಹೇಳಿದ ಮನುಷ್ಯ ಇದೊಂದನ್ನು ನಮಗೆ ಹೇಳಿರಲಿಲ್ಲ.

ಅಪ್ಪನ ವಯಸ್ಸು ಹತ್ತಿರವಾದಾಗಲೇ ಅವರು ಓಡಲು ಶುರುಮಾಡಿದ್ದಂತೆ. ಆ ವರ್ಷ ದಾಟಿದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದರಂತೆ. ಯಾವ ಹಬ್ಬ ಎಂದು ಕೇಳಿದರೆ ಹೇಳಲಿಲ್ಲವಂತೆ. ರತ್ನಮ್ಮನಿಗೆ ಲೆಕ್ಕ ಗೊತ್ತಿತ್ತು, ಅವರೂ ಕೇಳಲಿಲ್ಲವಂತೆ. ಅದಾದ ಮೇಲೆ ವರ್ಷ ವರ್ಷ ಅದೇ ದಿನ ಹೋಳಿಗೆ. ಇದನ್ನು ಹೇಳುವಾಗ ಅವರು ಮಾತಾಡುತ್ತಿದ್ದುದು ನಮ್ಮ ಜೊತೆಯಾದರೂ, ಕಂಬಕ್ಕೆ ಒರಗಿದ್ದ ಅಣ್ಣನಿಗೆ ಕೇಳಲಿ ಎಂದು ಹೇಳುತ್ತಿದ್ದರು ಎಂದು ನನಗೆ ಅನ್ನಿಸಿತು.

"ಮಾವನಿಗಿಂತ ಹೆಚ್ಗೆ ಇದ್ರಲ್ಲ, ಆ ವರ್ಷಗಳು ನೀವು ಕೊಟ್ಟಿದ್ದು ಅಂತ್ಲೇ ನಾನು ಅನ್ಕಂಡಿದೀನಿ. ಸರಿನೋ ತಪ್ಪೋ ಡಾಕ್ಟ್ರು ಹೇಳ್ಬೇಕು" ಎಂದರು.

ಎಲ್ಲರೂ ಡಾಕ್ಟರ ಕಡೆ ನೋಡಿದರು. ಡಾಕ್ಟರು ಶಲ್ಯ ಸರಿಮಾಡಿಕೊಂಡರು. ತಾವು ಹಲ್ಲಿನ ಡಾಕ್ಟರು ಎಂದು ಈ ಸಲ ಹೇಳಲಿಲ್ಲ. ಸರಿ ಎಂಬಂತೆ ತಲೆ ಆಡಿಸಿದರು.

ಆಮೇಲೆ ರತ್ನಮ್ಮ ಸ್ವಲ್ಪ ಸಂಕೋಚದಿಂದ ಒಂದು ಮಾತು ಕೇಳಿದರು. ನಮ್ಮನೆಯವರು ಕತ್ತಲಲ್ಲೇ ಎದ್ದು ಹೋಗಿಬಿಡುತ್ತಿದ್ದರು, ಓಟಗಳಿಗೆ ಕರೆದರೆ ದನ ಯಾರು ನೋಡಿಕೊಳ್ಳುತ್ತಾರೆ ಎಂದು ನಾನು ಹೋಗುತ್ತಿರಲಿಲ್ಲ, ಅವರು ಓಡಿದ್ದನ್ನು ನಾನು ಒಂದು ಸಲವೂ ನೋಡಲಿಲ್ಲ ಎಂದರು.

"ಹೆಂಗ್ ಓಡೋರು ಮೇಡಂ?"

ಚೆನ್ನಾಗಿ ಓಡುತ್ತಿದ್ದರು ಎಂದೆ. ಅದು ಉತ್ತರವಲ್ಲ ಎಂದು ನನಗೇ ಗೊತ್ತಾಯಿತು. ನಜೀರ್ ಚಪ್ಪಲಿ ಬಿಟ್ಟು ಅಂಗಳಕ್ಕೆ ಇಳಿದರು. ಒಂದು ಕೈಯನ್ನು ಎದೆಗೆ ಅವುಚಿಕೊಂಡು, ಇನ್ನೊಂದನ್ನು ಕೋಳಿ ಅಟ್ಟುವವರ ಹಾಗೆ ಬೀಸುತ್ತಾ ಅಂಗಳದ ಈ ತುದಿಯಿಂದ ಆ ತುದಿಗೆ ಓಡಿದರು. ಗಂಗಣ್ಣ ಮುಂದೆ ಬಂದಾಗಲೆಲ್ಲ ಅವರ ಪಕ್ಕದಲ್ಲಿ ಓಡುತ್ತಿದ್ದವರು ನಜೀರ್, ಆ ಕೈಬೀಸು ಅವರಿಗೆ ಬಾಯಿಪಾಠ. ಮುಖ ಹಾಗಿರಲಿಲ್ಲ ಎಂದು ಡಾಕ್ಟರು ಎದ್ದರು. ಡಾಕ್ಟರು ಮುಂದೆ ಓಡುತ್ತಾ ಆಗಾಗ ಹಿಂತಿರುಗಿ ನೋಡುತ್ತಿದ್ದವರು. ಅವರು ಪಂಚೆ ಎತ್ತಿ ಕಟ್ಟಿ, ಕತ್ತು ಒಂದು ಪಕ್ಕಕ್ಕೆ ಓರೆ ಮಾಡಿ, ಹುಬ್ಬು ಏರಿಸಿ, ಪಕ್ಕದಲ್ಲಿ ಯಾರೋ ಇದ್ದಾರೆ ಎಂಬಂತೆ ಅವರಿಗೇನೋ ವಿವರಿಸುತ್ತಾ ಓಡಿದರು. ಆ ಮೌನಿಯ ಮುಖದ ಮೇಲೆ ಗಂಗಣ್ಣ ಬಂದು ಕೂತಂತಿತ್ತು. ನಾನು ಹೆಚ್ಚು ನೋಡಿದ್ದು ಗಂಗಣ್ಣನ ಬೆನ್ನು, ಅವರು ನನ್ನನ್ನು ಬಿಟ್ಟು ಮುಂದೆ ಓಡುವಾಗ. ವರ್ಷಗಟ್ಟಲೆ ಆ ಬೆನ್ನನ್ನೇ ನೋಡಿಕೊಂಡು ಓಡಿದ್ದೇನೆ. ನಾನೂ ಇಳಿದು, ಸೆರಗು ಸಿಕ್ಕಿಸಿ, ಅವರ ಹಾಗೆ ಹಿಮ್ಮಡಿಯನ್ನು ಹೊರಗೆ ಒಗೆಯುತ್ತಾ, ಒಂದು ಭುಜ ಮೇಲೆ, ಒಂದು ಭುಜ ಕೆಳಗೆ ಮಾಡಿಕೊಂಡು ರತ್ನಮ್ಮನಿಗೆ ಬೆನ್ನು ತೋರಿಸಿ ಓಡಿದೆ.

ನಿಂತು ತಿರುಗಿ ನೋಡಿದಾಗ ರತ್ನಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದರು. ಅಳಿಸಿಬಿಟ್ಟೆವು ಎಂದುಕೊಂಡೆ. ಅಳುತ್ತಿರಲಿಲ್ಲ. ಮೈ ಕುಲುಕುವ ಹಾಗೆ ನಗುತ್ತಿದ್ದರು.

"ತೋಟಕ್ಕೆ ಕೋತಿ ಬಂದ್ರೆ ಅಟ್ಟಕ್ಕೆ ಹಿಂಗೇ ಹೋಗೋರು ಕಣ್ರೀ. ಇದ್ನೇನಾ ಊರೂರ್ ಮೇಲೆ ಹೋಗಿ ಓಡಿ ಬತ್ತಿದ್ದದ್ದು?" ಎಂದು ಕಣ್ಣೊರೆಸಿಕೊಂಡರು. ಮತ್ತೆ ನಕ್ಕರು. ನಕ್ಕು ನಕ್ಕು ಆಮೇಲೆ ಅತ್ತರು. ನಾನು ಹೋಗಿ ಪಕ್ಕದಲ್ಲಿ ಕೂತೆ.

ಕಂಬದ ಹತ್ತಿರದಿಂದ ಚನ್ನಬಸಪ್ಪ ಮೊದಲ ಸಲ ಬಾಯಿಬಿಟ್ಟರು. ನಜೀರ್ ಅವರನ್ನು ನೋಡುತ್ತಾ ಹೇಳಿದರು.

"ಸಾಬ್ರೆ, ಆ ಕೈ ಬೀಸಿದ್ರಲ್ಲ. ಇನ್ನೊಂದ್ ಸಲ ತೋರ್ಸಿ."

ನಜೀರ್ ತೋರಿಸಿದರು. ಚನ್ನಬಸಪ್ಪ ಗಂಭೀರವಾಗಿ ನೋಡಿ, ಹೂಂ, ಸಣ್ಣವನಿದ್ದಾಗಲೂ ಹೀಗೇ, ನಾವು ಒಂದೇ ಹಾಸ್ಟೆಲಿನಲ್ಲಿ ಓದಿದವರು ಎಂದರು. ಅಷ್ಟೇ ಹೇಳಿದ್ದು. ಆದರೆ ನಾವು ಹೊರಟಾಗ ಓಮ್ನಿಯವರೆಗೂ ಬಂದು, ಒಂದು ದೊಡ್ಡ ಡಬ್ಬಿಯ ತುಂಬ ಪಾಯಸವನ್ನು ನನ್ನ ಮಡಿಲಲ್ಲಿ ಇಟ್ಟರು. ಚೆಲ್ಲದಂತೆ ಹಿಡಿದುಕೊಳ್ಳಿ ಎಂದರು.

ಬಿಳಿಗೆರೆ ಬಿಟ್ಟು ಸ್ವಲ್ಪ ದೂರ ಬಂದರೆ ರಸ್ತೆ ಒಂದು ಕೆರೆಯ ಪಕ್ಕ ಹಾದುಹೋಗುತ್ತದೆ. ಸಂಜೆ ಬಿಸಿಲು ಇಳಿದು ತೆಂಗಿನ ಮರಗಳ ನೆರಳು ನೀರಿನವರೆಗೆ ಚಾಚಿತ್ತು. ನಜೀರ್ ಓಮ್ನಿಯನ್ನು ಏರಿಯ ಬುಡದಲ್ಲಿ ನಿಲ್ಲಿಸಿದರು. ಗಾಡಿಗೇನಾಯಿತು ಎಂದು ಡಾಕ್ಟರು ಕೇಳಿದರು. ಗಾಡಿ ಚೆನ್ನಾಗಿದೆ ಎಂದರು ನಜೀರ್. ಇಳಿದು ಪ್ಯಾಂಟನ್ನು ಮೊಣಕಾಲಿನವರೆಗೆ ಮಡಿಚಿದರು. ನಾವೂ ಇಳಿದೆವು. ಡಾಕ್ಟರು ಶಲ್ಯವನ್ನು ಸೀಟಿನ ಮೇಲೆ ಇಟ್ಟರು, ನಾನು ಪಾಯಸದ ಡಬ್ಬಿಯನ್ನು ಅದರ ಮೇಲೆ ಇಟ್ಟೆ.

ಏರಿಯ ಮೇಲೆ ಓಡಿದೆವು. ಬರಿಗಾಲಲ್ಲಿ, ಊಟ ಮಾಡಿದ ಹೊಟ್ಟೆಯಲ್ಲಿ, ಪಂಚೆ, ಸೀರೆಯಲ್ಲಿ. ಅಷ್ಟು ದಿನ ಕೂತಿದ್ದ ಮಂಡಿಗಳು ಕಟಕಟ ಎಂದವು. ಅವರಿಬ್ಬರೂ ಎಂದಿನಂತೆ ಮುಂದೆ ಹೋದರು, ನಾನು ಎಂದಿನಂತೆ ಹಿಂದೆ. ಎದುರಿನಿಂದ ಒಬ್ಬ ಅಜ್ಜಿ ಎರಡು ಆಡು ಹೊಡೆದುಕೊಂಡು ಬರುತ್ತಿದ್ದರು. ನಮ್ಮ ಕಡೆ ಬಿಳಿ ಪಂಚೆಯ ದೊಡ್ಡ ಮನುಷ್ಯರು ಓಡಿದರೆ ಎಲ್ಲೋ ಏನೋ ಅನಾಹುತವಾಗಿದೆ ಎಂದೇ ಅರ್ಥ. ಅಜ್ಜಿ ಗಾಬರಿಯಿಂದ, ಯಾರಿಗೇನಾಯಿತು ಎಂದು ಕೇಳಿದರು. ಮುಂದಿನವರು ಆಗಲೇ ದಾಟಿಹೋಗಿದ್ದರಿಂದ ಉತ್ತರ ಕೊಡುವ ಭಾರ ನನ್ನ ಮೇಲೆ ಬಿತ್ತು.

"ಏನೂ ಆಗಿಲ್ಲ ಕಣಜ್ಜಿ, ಸುಮ್ನೆ" ಎಂದೆ.

"ಸುಮ್ನೆ ಯಾರಾದ್ರೂ ಓಡ್ತಾರೇನವ್ವ?" ಎಂದು ಅಜ್ಜಿ ಕೇಳುತ್ತಿದ್ದ ಹಾಗೇ, ನನ್ನ ಸೀರೆ ಪಟಪಟ ಹಾರಿದ್ದಕ್ಕೆ ಬೆದರಿದ ಆಡುಗಳು ತಿರುಗಿ ಅವರಿಬ್ಬರ ಹಿಂದೆ ಏರಿಗುಂಟ ಕಿತ್ತುಕೊಂಡು ಹೊರಟವು. ಅಜ್ಜಿ ಒಂದು ಸಲ ನನ್ನನ್ನು, ಒಂದು ಸಲ ಆಡುಗಳನ್ನು ನೋಡಿದರು. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ ಅವರೂ ಓಡತೊಡಗಿದರು.

ಕೆರೆಯ ತೂಬನ್ನು ಮೊದಲು ಮುಟ್ಟಿದ್ದು ಆಡುಗಳು. ಆಮೇಲೆ ನಜೀರ್, ಆಮೇಲೆ ಡಾಕ್ಟರು, ಆಮೇಲೆ ಅಜ್ಜಿ. ನಾನು ಹೋಗಿ ಸೇರುವಷ್ಟರಲ್ಲಿ ಅವರು ನಾಲ್ಕೂ ಜನ, ಆಡುಗಳನ್ನೂ ಸೇರಿಸಿ ಹೇಳುವುದಾದರೆ ಇನ್ನೂ ಹೆಚ್ಚೇ ಎನ್ನಿ, ತೂಬಿನ ಕಲ್ಲಿನ ಮೇಲೆ ಕೂತು ನನಗಾಗಿ ಕಾಯುತ್ತಿದ್ದರು. ಜನ ಮೂವರೇ ಇದ್ದರು. ನಾನು ಯಾಕೋ ಗಂಗಣ್ಣನನ್ನೂ ಸೇರಿಸಿ ನಾಲ್ಕು ಎಂದು ಎಣಿಸಿದ್ದೆ.